ಐತವಾರದ ಎಡಗೈ

ಪುಂಡಿ ನಾರಿನ ಹಗ್ಗ ನೆನೆದಾಗ ಒಂದು ವಾಸನೆ ಬರುತ್ತದೆ. ಹಸಿ ಮಣ್ಣಿನದು ಅನ್ನೋಣವೆಂದರೆ ಅದಲ್ಲ, ಕೊಳೆತ ಸೊಪ್ಪಿನದು ಅನ್ನೋಣವೆಂದರೆ ಅದೂ ಅಲ್ಲ. ಸ್ವಲ್ಪ ಹುಳಿ, ಸ್ವಲ್ಪ ಹೊಗೆ, ಸ್ವಲ್ಪ ಕೆರೆಯ ದಂಡೆ. ಹೋದ ಶನಿವಾರ ಸಂಜೆ ಬಸವಕಲ್ಯಾಣದ ನಮ್ಮ ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಗಂಟು ಹಾಕುವುದನ್ನು ಕಲಿಸುವುದಿತ್ತು. ನಮ್ಮ ಸ್ಕೌಟ್ ದಳದ ತಗಡಿನ ಪೆಟ್ಟಿಗೆಯಲ್ಲಿ ಇರುವುದೆಲ್ಲ ನೈಲಾನ್ ಹಗ್ಗ. ನೋಡಲು ಚೆಂದ, ಆದರೆ ಗಂಟು ಹಾಕಿದರೆ ಜಾರುತ್ತದೆ, ಮೂಸಿದರೆ ಏನೂ ಇಲ್ಲ. ಅವತ್ತು ಒಬ್ಬ ಹುಡುಗ, ಹುಡಗಿ ಎಂಬ ಊರಿನಲ್ಲಿರುವ ತನ್ನ ಅಜ್ಜ ದಳಕ್ಕೆಂದು ಕೈಯಾರೆ ಹೊಸೆದು ಕೊಟ್ಟ ಪುಂಡಿ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದ. ದಾರಿಯಲ್ಲಿ ಮಳೆಗೆ ಸಿಕ್ಕು ತೊಯ್ದು ತೊಪ್ಪೆಯಾಗಿತ್ತು. ನಾನು ಅದನ್ನು ಎಡಗೈಗೆ ತೆಗೆದುಕೊಂಡೆ, ಅಷ್ಟೇ. ದೂರದ ಕೋಟೆಯ ಗೋಡೆ, ಮೈದಾನದ ಬೇವಿನ ಗಿಡ, ಸಾಲಾಗಿ ನಿಂತ ಮಕ್ಕಳು ಎಲ್ಲ ಹಿಂದಕ್ಕೆ ಸರಿದು, ನಾನು ಹುಮನಾಬಾದಿನ ನಮ್ಮ ಪಡಸಾಲೆಯ ತಣ್ಣನೆಯ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದೆ. ಹಗ್ಗ ಒಣಗಲು ಹಾಕಲೇ ಎಂದು ಆ ಹುಡುಗ ಕೇಳಿದ. ಬೇಡ, ಹೀಗೇ ಇರಲಿ ಅಂದೆ.

ನಾನು ಈ ದಳದ ಸಹಾಯಕ ನಾಯಕಿ. ವಾರವಿಡೀ ಪೇಟೆಯಲ್ಲಿ ನಮ್ಮ ಮೆಡಿಕಲ್ ಅಂಗಡಿಯ ಕೌಂಟರಿನ ಹಿಂದೆ ನಿಂತು ಜನರ ಕೆಮ್ಮು, ಜ್ವರ, ಮೊಣಕಾಲು ನೋವಿನ ಕಥೆ ಕೇಳುತ್ತೇನೆ. ಶನಿವಾರ ಮಧ್ಯಾಹ್ನ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ, ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಹೊರಡುತ್ತೇನೆ. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಗಿರಾಕಿಗಳು ನಗುತ್ತಾರೆ. ದಳದ ನಾಯಕಿ ಶಾಲೆಯ ಟೀಚರ್. ಧ್ವಜ ಏರಿಸುವುದು, ಪ್ರತಿಜ್ಞೆ ಹೇಳಿಸುವುದು, ಮೇಲಿನವರೊಂದಿಗೆ ಮಾತಾಡುವುದು ಅವರ ಪಾಲು. ಉಳಿದದ್ದೆಲ್ಲ ಸಹಾಯಕರ ಪಾಲು: ಬಿಟ್ಟ ಚಪ್ಪಲಿ ಕಾಯುವುದು, ಮೂಗಿನಲ್ಲಿ ರಕ್ತ ಬಂದವರ ತಲೆಗೆ ನೀರು ತಟ್ಟುವುದು, ಸ್ಕಾರ್ಫಿನ ತುದಿ ಅಗಿಯುವವರನ್ನು ಗದರುವುದು, ಕರೆದುಕೊಂಡು ಹೋಗಲು ಯಾರೂ ಬಾರದ ಮಗುವಿನ ಜೊತೆ ಗೇಟಿನ ಹತ್ತಿರ ಕತ್ತಲಾಗುವವರೆಗೆ ಕೂರುವುದು. ಮಗಳು ಇದೇ ಶಾಲೆಯಲ್ಲಿದ್ದಾಗ, ಪಾಲಕರಲ್ಲಿ ಯಾರಾದರೂ ಮದತಿಗೆ ಬರುತ್ತೀರಾ ಎಂದು ಟೀಚರ್ ಸಭೆಯಲ್ಲಿ ಕೇಳಿದರು. ಎಲ್ಲರಿಗೂ ಒಮ್ಮೆಲೇ ಮೊಬೈಲಿನಲ್ಲಿ ಕೆಲಸ ಬಂತು. ನನ್ನ ಕೈ ಮಾತ್ರ ನನ್ನನ್ನು ಕೇಳದೆ ಮೇಲೆದ್ದಿತು. ಎದ್ದದ್ದು ಎಡಗೈ. ಮಗಳು ಶಾಲೆ ಮುಗಿಸಿ ಕಾಲೇಜಿಗೆ ಹೋದಳು, ನಾನು ಅಲ್ಲೇ ಉಳಿದೆ.

ಹೊಸ ಮಕ್ಕಳಿಗೆ ನಾನು ಮೊದಲು ಕಲಿಸುವುದು ಕೈ ಕುಲುಕುವುದನ್ನು. ಸ್ಕೌಟುಗಳು ಕುಲುಕುವುದು ಎಡಗೈ, ಯಾವ ದೇಶಕ್ಕೆ ಹೋದರೂ ಅದೇ ಪದ್ಧತಿ. ಇದನ್ನು ಹೇಳಿದ ಕೂಡಲೇ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಗುತ್ತಾರೆ. ಕೆಲವರು ಎಡಗೈಯನ್ನು ಬಟ್ಟೆಗೆ ಒರೆಸಿಕೊಂಡು ಆಮೇಲೆ ಚಾಚುತ್ತಾರೆ. ನಮ್ಮ ಕಡೆ ಎಡಗೈ ಅಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅದರಲ್ಲಿ ಉಣ್ಣಬಾರದು, ಕೊಡಬಾರದು, ಇಸಿದುಕೊಳ್ಳಬಾರದು, ಹಿರಿಯರ ಮುಂದೆ ಚಾಚಲೂಬಾರದು. ನಿಮ್ಮ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಿದ್ದರೆ, ಎಡಗೈಯಲ್ಲಿ ಪ್ರಸಾದ ಇಸಿದುಕೊಂಡದ್ದಕ್ಕೆ ಒಮ್ಮೆಯಾದರೂ ಬೈಸಿಕೊಂಡಿರುತ್ತೀರಿ. ನನ್ನ ಪಾಲಿಗೆ ಅದು ಬೈಗುಳಕ್ಕೆ ಮುಗಿಯಲಿಲ್ಲ, ಏಕೆಂದರೆ ನಾನು ಹುಟ್ಟಿನಿಂದಲೇ ಎಡಚಿ.

ಹುಮನಾಬಾದಿನ ನಮ್ಮ ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ದಪ್ಪ ಕಲ್ಲಿನ ಗೋಡೆ, ತಲೆ ಬಗ್ಗಿಸಿ ದಾಟಬೇಕಾದ ಬಾಗಿಲು, ಒಳಗೆ ಆಕಾಶಕ್ಕೆ ತೆರೆದ ಅಂಗಳ, ಅದರ ಸುತ್ತ ಶಹಾಬಾದಿ ಕಲ್ಲು ಹಾಸಿದ ಪಡಸಾಲೆ. ಬೇಸಿಗೆಯಲ್ಲಿ ನಾವು ಆ ಕಲ್ಲಿಗೆ ನೀರು ಚಿಮುಕಿಸಿ, ಕೆನ್ನೆಯಿಟ್ಟು ಮಲಗುತ್ತಿದ್ದೆವು. ಕಲ್ಲು ನೀರು ಹೀರುವಾಗಿನ ಸಣ್ಣ ಸುಯ್ಯೆನ್ನುವ ಸದ್ದು ಕಿವಿಗೆ ನೇರವಾಗಿ ಕೇಳುತ್ತಿತ್ತು. ಬೆಳಗ್ಗೆ ಮಾತ್ರ ಇನ್ನೊಂದು ಸದ್ದು, ಅಡುಗೆಮನೆಯಿಂದ ಜೋಳದ ರೊಟ್ಟಿ ಬಡಿಯುವುದು. ಬಡಿಯುತ್ತಿದ್ದವಳು ಆಯಿ, ನಮ್ಮಪ್ಪನ ತಾಯಿ. ಮನೆಗೆ ಸೊಸೆ ಬಂದು ಎಷ್ಟೋ ವರ್ಷವಾಗಿದ್ದರೂ ಹಿಟ್ಟಿನ ಪರಾತವನ್ನು ಅವ್ವನಿಗೆ ಬಿಟ್ಟುಕೊಟ್ಟವಳಲ್ಲ. ಅದಕ್ಕೂ ಮೊದಲು ಆಕೆ ಸ್ನಾನ ಮಾಡಿ, ಪಡಸಾಲೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಲಿಂಗಪೂಜೆಗೆ ಕೂರುತ್ತಿದ್ದಳು. ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಒಂದು ಅಂಗೈಯಲ್ಲಿಟ್ಟು, ಇನ್ನೊಂದು ಕೈಯಿಂದ ವಿಭೂತಿ ಪತ್ರಿ ಏರಿಸಿ, ಕಣ್ಣ ಮಟ್ಟಕ್ಕೆ ಎತ್ತಿ ನೋಡುತ್ತ ಕೂತರೆ ಬೆಕ್ಕು ಕೂಡ ಆಕೆಯ ಹತ್ತಿರ ಸುಳಿಯುತ್ತಿರಲಿಲ್ಲ. ಪೂಜೆಯಾಗದೆ ಆಯಿ ಒಂದು ಗುಟುಕು ಚಹಾ ಕುಡಿದದ್ದನ್ನು ನಾನು ನೋಡಿಲ್ಲ.

ಆಯಿಗೆ ನನ್ನ ಮೇಲೆ ಪ್ರೀತಿ ಇತ್ತು, ನನ್ನ ಎಡಗೈ ಮೇಲೆ ಇರಲಿಲ್ಲ. ತನ್ನ ಹಳೆಯ ಇಳಕಲ್ ಸೀರೆಯ ಅಂಚನ್ನು ಹರಿದು, ನಾನು ಊಟಕ್ಕೆ ಕೂತಾಗಲೆಲ್ಲ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟುತ್ತಿದ್ದಳು. ನೋಯುವಂತೆ ಅಲ್ಲ, ಎಳೆಗೂಸಿಗೆ ಕುಂಚಿಗೆ ಕಟ್ಟುವಷ್ಟು ಮೆತ್ತಗೆ. ಕಟ್ಟುವಾಗ ಅವಳು ಹೇಳುತ್ತಿದ್ದದ್ದು ಒಂದೇ ಮಾತು, ನಾಳೆ ಗಂಡನ ಮನೆಯವರು ಇವಳನ್ನು ಬೈಯುವುದಿಲ್ಲ, ಬೆಳೆಸಿದ ನನ್ನನ್ನು ಬೈಯುತ್ತಾರೆ ಎಂದು. ನಾನು ಬಲಗೈಯಲ್ಲಿ ತುತ್ತು ಕಟ್ಟಲು ಬಾರದೆ ಅರ್ಧ ಅನ್ನವನ್ನು ಮಡಿಲಿಗೆ ಉಣಿಸುತ್ತಿದ್ದೆ. ಅವ್ವ ಒಲೆಯ ಮುಂದೆ ಕೂತು ನೋಡಿಯೂ ನೋಡದಂತಿರುತ್ತಿದ್ದಳು. ಅತ್ತೆಯ ಎದುರು ಆಕೆಯ ಬಾಯಿಗೆ ಬೀಗ. ಪಾಟಿಯ ಮೇಲೆ ಬಳಪ ಹಿಡಿದಾಗಲೂ ಆಯಿ ಎದುರಿಗೆ ಕೂತಿರುತ್ತಿದ್ದಳು, ಅಕ್ಷರ ಬಾರದಿದ್ದರೂ ಕೈ ಯಾವುದೆಂದು ಅವಳಿಗೆ ಗೊತ್ತಾಗುತ್ತಿತ್ತು. ಹೀಗೆ ಹಟ ಹಿಡಿದು ಆಕೆ ನನ್ನ ಬಲಗೈಯನ್ನು ತಯಾರು ಮಾಡಿದಳು. ಇವತ್ತಿಗೂ ನಾನು ಬರೆಯುವುದು, ಉಣ್ಣುವುದು ಅದೇ ಕೈಯಲ್ಲಿ.

ಅಪ್ಪನ ತಮ್ಮ ಕಾಶಿನಾಥ ಕಾಕಾ ಬಸ್ ಕಂಡಕ್ಟರ್. ಹುಮನಾಬಾದಿನಿಂದ ಚಿಟಗುಪ್ಪ, ಹುಮನಾಬಾದಿನಿಂದ ಬಸವಕಲ್ಯಾಣ, ಇಷ್ಟೇ ಅವನ ಲೋಕ. ಆದರೆ ಸಂಜೆ ಮನೆಗೆ ಬಂದರೆ ದೇಶ ಸುತ್ತಿ ಬಂದವರಷ್ಟು ಸುದ್ದಿ ಅವನ ಹತ್ತಿರ ಇರುತ್ತಿತ್ತು. ಹುಡಗಿ ಊರು ಬಂದಾಗ ಅವನು "ಹುಡಗಿ ಯಾರ್ರಿ, ಹುಡಗಿ ಇಳೀರಿ" ಎಂದು ಕೂಗಿದರೆ ಬೇರೆ ಕಡೆಯ ಪ್ರಯಾಣಿಕರು ತಮ್ಮ ಹೆಣ್ಣುಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರಂತೆ. ಈ ಕಥೆಯನ್ನು ನಾವು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೆವು, ಪ್ರತಿ ಸಲ ಅವನಿಗಿಂತ ಮೊದಲೇ ನಗುತ್ತಿದ್ದೆವು. ಕಾಕಾ ಮದುವೆಯಾಗಲಿಲ್ಲ. ಏಕೆ ಎಂದು ಕೇಳಿದವರಿಗೆ, ನನ್ನ ಬಸ್ಸಿನಲ್ಲಿ ದಿನಾ ಸೀಟಿಗಾಗಿ ಜಗಳ ನಡೆಯುತ್ತದೆ, ಮನೆಯಲ್ಲೂ ಯಾಕೆ ಅನ್ನುತ್ತಿದ್ದ. ನಿಜವಾದ ಕಾರಣ ಏನಿತ್ತೋ, ಅದನ್ನು ಅವನು ತನ್ನ ಜೊತೆಗೇ ಒಯ್ದ.

ಒಂದು ಸಂಜೆ ಕಾಕಾ ಡ್ಯೂಟಿ ಮುಗಿಸಿ ಬಂದು ಊಟಕ್ಕೆ ಕೂತ. ಎದುರಿಗೆ ನಾನು, ಸೊಂಟಕ್ಕೆ ಕೈ ಕಟ್ಟಿಸಿಕೊಂಡು. ಅವನು ಅವತ್ತು ಕಂಡದ್ದನ್ನು ಹೇಳತೊಡಗಿದ. ಚಿಟಗುಪ್ಪದಲ್ಲಿ ಶಿಬಿರ ಮುಗಿಸಿದ ಸ್ಕೌಟ್ ಹುಡುಗರು ಅವನ ಬಸ್ಸು ಹತ್ತಿದ್ದರಂತೆ. ಇಳಿಯುವಾಗ ಒಬ್ಬರಿಗೊಬ್ಬರು ಎಡಗೈ ಕುಲುಕಿದರಂತೆ. ಇವನು ತಿದ್ದಲು ಹೋದರೆ, ಇದೇ ನಮ್ಮ ರಿವಾಜು, ಗುಂಡಿಗೆ ಇರುವುದು ಎಡಕ್ಕಲ್ಲವೇ ಎಂದು ಅವರ ಸರ್ ಹೇಳಿದರಂತೆ. ಆಯಿ ಮೂಗು ಮುರಿದಳು. ಕಾಕಾ ಹೇಳುತ್ತಿದ್ದದ್ದು ಆಯಿಗೆ, ನೋಡುತ್ತಿದ್ದದ್ದು ನನ್ನನ್ನು. ಮುಂದಿನ ಐತವಾರ ಅವನು ನೇರವಾಗಿ ಹೈಸ್ಕೂಲ್ ಮೈದಾನಕ್ಕೆ ಹೋಗಿ, ಇಲ್ಲಿ ನನಗೇನಾದರೂ ಕೆಲಸ ಇದೆಯೇ ಎಂದು ಕೇಳಿದ. ಅಲ್ಲಿಯ ಸ್ಕೌಟ್ ಸರ್ ಒಬ್ಬರಿಂದ ಅಷ್ಟು ಹುಡುಗರನ್ನು ಸಂಭಾಳಿಸುವುದು ಆಗುತ್ತಿರಲಿಲ್ಲ. ಹೀಗೆ ಕಾಕಾ ಸಹಾಯಕನಾದ, ವಾರದ ಒಂದೇ ರಜೆ ಆ ಮೈದಾನಕ್ಕೆ ಹೋಯಿತು. ನನ್ನ ಸಲುವಾಗಿ ಹೋದನೋ ತನ್ನ ಸಲುವಾಗಿಯೇ ಹೋದನೋ, ನಾನು ಎಂದೂ ಕೇಳಲಿಲ್ಲ. ಕೇಳಬಹುದಾಗಿದ್ದ ದಿನಗಳಲ್ಲಿ ಅದು ಕೇಳಬೇಕಾದ ಮಾತೆಂದು ನನಗೆ ಗೊತ್ತಿರಲಿಲ್ಲ.

ಶನಿವಾರ ರಾತ್ರಿ ಅಂಗಳದ ಬಕೀಟಿನಲ್ಲಿ ಪುಂಡಿ ಹಗ್ಗ ನೆನೆಯುತ್ತಿತ್ತು. ಹೊಸ ಹಗ್ಗದ ಬಿರುಸು ಹೋಗಿ ಹುಡುಗರ ಕೈಗೆ ಮೆತ್ತಗಾಗಲೆಂದು ಕಾಕಾ ನೆನೆಹಾಕುತ್ತಿದ್ದ. ಬೆಳಗಾಗುವ ಹೊತ್ತಿಗೆ ಮನೆಯೆಲ್ಲ ಅದರ ವಾಸನೆ. ಆಯಿ ಊದುಬತ್ತಿ ಹಚ್ಚಿ ಓಡಿಸಲು ನೋಡುವಳು, ಅದು ಊದುಬತ್ತಿಯನ್ನೇ ನುಂಗಿಬಿಡುವುದು. ಕಾಕಾ ಡ್ಯೂಟಿಯ ಖಾಕಿ ಅಂಗಿಯ ಮೇಲೆಯೇ ಸ್ಕಾರ್ಫ್ ಕಟ್ಟಿ, ಬಸ್ಸಿನಲ್ಲಿ ಊದುವ ಅದೇ ಶೀಟಿಯನ್ನು ಕಿಸೆಗೆ ಹಾಕಿ, ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೊರಡುತ್ತಿದ್ದ. ಬಾಗಿಲಲ್ಲಿ ಆಯಿ ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು: "ವಾರೆಲ್ಲಾ ರೈಟ್ ರೈಟ್ ಅಂತ ಒದರ್ತಾನ, ಐತವಾರ ಬಂತಂದ್ರ ಎಡಗೈ ಕೊಡಾಕ ಹೋಗ್ತಾನ." ಓಣಿಯವರು ನಗುತ್ತಿದ್ದರು, ಕಾಕಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಸೈಕಲ್ಲು ಏರುವ ಮುಂಚೆ ಒಂದು ಉದ್ದನೆಯ ಶೀಟಿ ಊದಿ "ರೈಟ್" ಅನ್ನುವುದನ್ನೂ ಬಿಡುತ್ತಿರಲಿಲ್ಲ.

ಆ ದಳ ಹುಡುಗರದ್ದು. ಹುಡುಗಿಯರಿಗೆ ಅಲ್ಲಿ ಜಾಗವಿರಲಿಲ್ಲ, ಆದರೆ ಕಾಕಾನ ಸೈಕಲ್ಲಿನಿಂದ ಇಳಿದವಳನ್ನು ಯಾರೂ ಏಕೆ ಬಂದೆ ಎಂದು ಕೇಳಲಿಲ್ಲ. ಗೌಡರ ಮನೆಯ ಹುಡುಗ, ಕೂಲಿಗೆ ಹೋಗುವವರ ಹುಡುಗ, ಪೇಟೆ ಸಾಹುಕಾರರ ಹುಡುಗ ಎಲ್ಲ ಒಂದೇ ಹಗ್ಗದ ಎರಡು ತುದಿ ಹಿಡಿದು ಎಳೆದಾಡುತ್ತಿದ್ದರು. ಎಳ್ಳಮಾವಾಸ್ಯೆಯ ಸಮಯದಲ್ಲಿ ಕಾಕಾ ಅವರನ್ನು ಯಾರದಾದರೂ ಹೊಲಕ್ಕೆ ಕರೆದೊಯ್ದು ಮೂರು ಕಲ್ಲಿನ ಒಲೆ ಹೂಡಿಸುತ್ತಿದ್ದ. ಹಸಿ ಕಡಲೆ, ತೊಗರಿ, ಬದನೆ, ಮೆಂತ್ಯ, ಹುಣಸೆ ಸೊಪ್ಪು ಹೊಲದಲ್ಲಿ ಸಿಕ್ಕಿದ್ದೆಲ್ಲ ಒಂದೇ ಪಾತ್ರೆಗೆ ಬಿದ್ದು, ನಮ್ಮ ಕಡೆಯ ಭಜ್ಜಿಯಾಗಿ ಕುದಿಯುತ್ತಿತ್ತು. ಸಜ್ಜೆ ರೊಟ್ಟಿಯ ಮೇಲೆ ಅದನ್ನು ಸುರಿದುಕೊಂಡು, ಬೆಂಕಿಯ ಸುತ್ತ ಕೂತು ಉಣ್ಣುವಾಗ ನನ್ನ ಯಾವ ಕೈ ಬಾಯಿಗೆ ಹೋಗುತ್ತಿದೆ ಎಂದು ನೋಡುವವರು ಯಾರೂ ಇರಲಿಲ್ಲ. ಮನೆಗೆ ಹೊರಡುವ ಮುಂಚೆ ಎಲ್ಲರೂ ಎಡಗೈ ಕುಲುಕುತ್ತಿದ್ದರು. ಹುಡುಗರು ಕೊಡುವಾಗ ಅದರಲ್ಲಿ ಏನೋ ಒಂದು ತಡವರಿಕೆ, ಕೈ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದ ಒದ್ದಾಟ. ನನ್ನದು ಸರಕ್ಕನೆ ಹೋಗಿ ಕಾಕಾನ ಅಂಗೈಯಲ್ಲಿ ಕೂರುತ್ತಿತ್ತು. ಇಡೀ ದಳದಲ್ಲಿ ನನ್ನಷ್ಟು ಚೆನ್ನಾಗಿ ಎಡಗೈ ಕೊಡುವವರೇ ಇಲ್ಲ ಎಂದು ಅವನು ಹುಡುಗರ ಮುಂದೆ ಹೇಳಿದ ದಿನ ನಾನು ನೆಲದ ಮೇಲೆ ಇರಲಿಲ್ಲ.

ಮನೆಯಲ್ಲಿ ಸೀರೆಯ ಅಂಚು ಕಾಯುತ್ತಿರುತ್ತಿತ್ತು. ಆಯಿಯ ಕೈ ಹಿಟ್ಟಾಗಿದ್ದ ದಿನ ಕಟ್ಟುವ ಕೆಲಸ ಕಾಕಾನಿಗೆ ಬರುತ್ತಿತ್ತು. ಅವನು ಬಹಳ ಗಂಭೀರವಾಗಿ ಕಟ್ಟುತ್ತಿದ್ದ, ಮೈದಾನದಲ್ಲಿ ಕಲಿಸಿದ ಗಂಟು. ಎಷ್ಟು ಜಗ್ಗಿದರೂ ಬಿಚ್ಚದಂತೆ ಕಾಣುವುದು, ಆದರೆ ಒಂದು ತುದಿ ಎಳೆದರೆ ಸರ್ರನೆ ಕಳಚುವುದು. ಆ ತುದಿಯನ್ನು ನನ್ನ ಮುಷ್ಟಿಯೊಳಗೆ ಇಟ್ಟು ಮುಚ್ಚುತ್ತಿದ್ದ. ನಾನು ಎಂದೂ ಎಳೆಯಲಿಲ್ಲ. ಎಳೆಯಬಹುದು ಎಂದು ಗೊತ್ತಿದ್ದದ್ದೇ ಸಾಕಾಗಿತ್ತು.

ಕಾಕಾನಿಗೆ ಒಂದು ಆಸೆ ಇತ್ತು, ಆಯಿ ಒಮ್ಮೆ ತನಗೆ ಎಡಗೈ ಕೊಡಬೇಕು. ಹುಡುಗರು ಪ್ರತಿಜ್ಞೆ ತೆಗೆದುಕೊಂಡ ದಿನ ಅವರ ತಾಯಂದಿರು ಬಂದು, ನಾಚುತ್ತ ನಗುತ್ತ ಮಕ್ಕಳ ಎಡಗೈ ಹಿಡಿಯುತ್ತಿದ್ದರು. ಕಾಕಾ ಪ್ರತಿಜ್ಞೆ ಹೇಳಿದಾಗ ಆಯಿ ಹೋಗಿರಲಿಲ್ಲ. ಅಂದಿನಿಂದ ಪ್ರತಿ ಐತವಾರ ಮನೆಗೆ ಬಂದವನೇ ಮೂರು ಬೆರಳು ಹಣೆಗೆ ಮುಟ್ಟಿಸಿ ಸೆಲ್ಯೂಟ್ ಹೊಡೆದು, ಆಯಿಯ ಮುಂದೆ ಎಡಗೈ ಚಾಚುತ್ತಿದ್ದ. ಆಯಿ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು. ಹೆತ್ತ ಮಗನಿಗೆ ಹೊಲಸು ಕೈ ಕೊಡುವ ತಾಯಿ ಎಲ್ಲಾದರೂ ಇದ್ದಾಳೆಯೇ ಎನ್ನುವುದು ಅವಳ ವಾದ. ನಾವು ಅದನ್ನು ಆಟವೆಂದುಕೊಂಡಿದ್ದೆವು. ಆದರೆ ಒಂದು ಸಲ ಕಾಕಾ ಕೈಯನ್ನು ಬಹಳ ಹೊತ್ತು ಹಾಗೇ ಚಾಚಿ ನಿಂತ, ಅವನ ಮುಖದಲ್ಲಿ ನಗು ಇರಲಿಲ್ಲ. ಆಯಿ ಆ ಕಡೆ ತಿರುಗಿ, "ನಾ ಸತ್ತ ಮ್ಯಾಲ ಹಿಡಕೋ" ಅಂದು ಒಳಗೆ ಹೋದಳು.

ಒಂದು ಬೆಳಗ್ಗೆ ರೊಟ್ಟಿಯ ಸಪ್ಪಳ ನಡುವೆಯೇ ನಿಂತಿತು. ನಾನು ಹಾಸಿಗೆಯಲ್ಲೇ ಇದ್ದೆ, ನಿಂತ ಸಪ್ಪಳಕ್ಕೆ ಎಚ್ಚರವಾಯಿತು. ಅವ್ವ ಕೂಗಿದ್ದು ಆಮೇಲೆ ಕೇಳಿಸಿತು. ಹೋಗಿ ನೋಡಿದರೆ ಆಯಿ ಪರಾತದ ಪಕ್ಕ ಒಂದು ಕಡೆಗೆ ವಾಲಿದ್ದಳು, ಅರ್ಧ ಬಡಿದ ರೊಟ್ಟಿಯ ಮೇಲೆ ಬಲಗೈ ಬಿದ್ದಿತ್ತು, ಹೆಂಚಿನ ಮೇಲೆ ಇನ್ನೊಂದು ರೊಟ್ಟಿ ಕರಕಲಾಗುತ್ತಿತ್ತು. ಲಕ್ವಾ ಹೊಡೆದಿತ್ತು. ಬೀದರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಕಳಿಸಿದರು. ಜೀವ ಉಳಿಯಿತು, ಮಾತೂ ತೊದಲುತ್ತ ತೊದಲುತ್ತ ಮರಳಿತು. ಬಲಗಾಲು, ಬಲಗೈ ಮರಳಲಿಲ್ಲ.

ಮನೆಗೆ ಬಂದ ಆಯಿ ಉಣ್ಣುವುದನ್ನು ಬಿಟ್ಟಳು. ಅವ್ವ ಹಾಲಿನಲ್ಲಿ ರೊಟ್ಟಿ ಕಲಸಿ ಬಾಯಿಯ ಹತ್ತಿರ ಒಯ್ದರೆ ತುಟಿ ಬಿಗಿದುಕೊಳ್ಳುವಳು. ತಾನು ಕೂಸಲ್ಲ, ಇನ್ನೊಬ್ಬರ ಕೈಯಿಂದ ಉಣ್ಣುವವಳಲ್ಲ. ಎಡಗೈಯಲ್ಲಿ ಉಣ್ಣು ಎಂದರೆ ಮುಖ ಗೋಡೆಗೆ. ಎಲ್ಲಕ್ಕಿಂತ ಹೆಚ್ಚಾಗಿ ಪೂಜೆ ನಿಂತಿತ್ತು. ವಿಭೂತಿ ಹಚ್ಚುವ, ಪತ್ರಿ ಏರಿಸುವ ಕೈ ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು, ಪೂಜೆಯಿಲ್ಲದೆ ಆಕೆಯ ಬಾಯಿಗೆ ಅನ್ನ ಎಲ್ಲಿಂದ ಹೋಗಬೇಕು. ನೀರು, ಒಂದೆರಡು ಚಮಚ ಔಷಧಿ, ಅಷ್ಟೇ. ಅಪ್ಪ ಬೈದು ನೋಡಿದ, ಕೈ ಮುಗಿದು ನೋಡಿದ. ಬಂದ ಡಾಕ್ಟರು ಹೀಗೇ ಆದರೆ ಕಷ್ಟ ಎಂದು ಅಂಗಳದಲ್ಲಿ ನಿಂತು ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. ಪಡಸಾಲೆಯಲ್ಲಿ ಮಲಗಿದ್ದ ಆಯಿ ದಿನದಿನಕ್ಕೆ ಚಿಕ್ಕವಳಾಗುತ್ತಿದ್ದಳು. ನಾನು ಯಾರೂ ಕಟ್ಟದಿದ್ದರೂ ಎಡಗೈಯನ್ನು ಸೊಂಟಕ್ಕೆ ಒತ್ತಿಕೊಂಡು ಉಣ್ಣುತ್ತಿದ್ದೆ. ಹಾಗೆ ಮಾಡಿದರೆ ಆಯಿ ಏಳುತ್ತಾಳೆ ಎಂದು ನನಗೆ ಅನ್ನಿಸಿತ್ತು.

ಐತವಾರ ಬಂತು. ಕಾಕಾ ಅವತ್ತು ಮೈದಾನಕ್ಕೆ ಹೋಗಲಿಲ್ಲ, ಆದರೆ ಸ್ನಾನ ಮಾಡಿ ಖಾಕಿ ಹಾಕಿ ಸ್ಕಾರ್ಫ್ ಕಟ್ಟಿಕೊಂಡ. ಬಂದು ಆಯಿಯ ತಲೆದಿಂಬಿನ ಹತ್ತಿರ ಕೂತ. ಅವ್ವ ಅಡುಗೆಮನೆಯ ಬಾಗಿಲಲ್ಲಿ, ನಾನು ಕಂಬದ ಹತ್ತಿರ. ಕಾಕಾ ಆಯಿಯ ಎಡಗೈಯನ್ನು ಹಿಡಿಯಲಿಲ್ಲ, ಅದನ್ನು ಬೆರಳಿನಿಂದ ತೋರಿಸಿ ಕೇಳಿದ: "ಆಯಿ, ನಿನಗ ತಿಳುವಳಿಕಿ ಬಂದಾಗಿಂದ ಲಿಂಗ ಯಾವ ಕೈಯಾಗ ಕುಂತದ?"

ಆಯಿಯ ಕಣ್ಣು ಅವನ ಬೆರಳು ತೋರಿಸಿದ ಕಡೆಗೆ ಹೋಯಿತು.

"ಶಿವ ಕುಂಡ್ರೋ ಕೈ ಹೊಲಸು ಹ್ಯಾಂಗ ಆಗ್ತದ ಹೇಳು."

ನಾವೆಲ್ಲ ಆ ಕೈಯನ್ನು ನೋಡಿದೆವು. ದಿನಾ ಬೆಳಗ್ಗೆ ನಮ್ಮ ಕಣ್ಣೆದುರಿಗೇ ಆಯಿ ಲಿಂಗವನ್ನು ಇಟ್ಟುಕೊಳ್ಳುತ್ತಿದ್ದದ್ದು ಎಡಗೈಯಲ್ಲಿ. ನಮ್ಮವರೆಲ್ಲ ಇಡುವುದೂ ಅದರಲ್ಲೇ, ಬಲಗೈ ಬರೀ ಸೇವೆಗೆ. ಇದು ಹೊಸದೇನಲ್ಲ, ಯಾರೂ ಹೇಳಿಕೊಡಬೇಕಾದದ್ದೂ ಅಲ್ಲ. ಆದರೂ ಆ ಕೈ ಮತ್ತು ನನ್ನ ಸೊಂಟಕ್ಕೆ ಕಟ್ಟಿದ ಕೈ ಎರಡೂ ಒಂದೇ ಕಡೆಯವು ಎಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಆಯಿ ತನ್ನ ಅಂಗೈಯನ್ನು ಮುಖದ ಹತ್ತಿರ ತಂದು ನೋಡಿದಳು. ಬೇರೆ ಯಾರದೋ ಕೈ ನೋಡುವಂತೆ ಬಹಳ ಹೊತ್ತು ನೋಡಿದಳು. ಕಾಕಾ ಎದ್ದು ಎರಡು ಹೆಜ್ಜೆ ಹಿಂದೆ ಸರಿದು, ಸೆಟೆದು ನಿಂತು, ಮೂರು ಬೆರಳಿನ ಸೆಲ್ಯೂಟ್ ಹೊಡೆದು ಎಡಗೈ ಚಾಚಿದ. ಎಷ್ಟು ಐತವಾರ ಹಾಗೆ ಚಾಚಿದ್ದನೋ. ಆಯಿಯ ಕೈ ಮೆಲ್ಲಗೆ ಮೇಲೆದ್ದು ಅವನ ಕೈಯೊಳಗೆ ಹೋಯಿತು. ಆಮೇಲೆ ತೊದಲುವ ನಾಲಿಗೆಯಲ್ಲಿ ಅಂದಳು: "ನಿಮ್ಮ ಇಸ್ಕೌಟದಾಗ ನನ್ನ ಹೆಸರೂ ಹಾಕ್ಕೋ." ಕಾಕಾ ನಗಲು ಬಾಯಿ ತೆರೆದ, ನಗು ಬರಲಿಲ್ಲ. ಕೈ ಬಿಡದೆಯೇ ನೆಲಕ್ಕೆ ಕೂತು ಆಯಿಯ ಅಂಗೈಯಲ್ಲಿ ಮುಖವಿಟ್ಟು ಅತ್ತ. ಅವ್ವ ಒಳಗೆ ಹೋಗಿ ಹಾಲು ಬಿಸಿ ಮಾಡತೊಡಗಿದಳು.

ಅವತ್ತು ಪೂಜೆಗೆ ಆಯಿ ನನ್ನನ್ನು ಕರೆದಳು. ತಲೆಗೆ ನೀರು ಹಾಕಿಕೊಂಡು ಬಂದು ಆಕೆಯ ಪಕ್ಕ ಕೂತೆ. ಲಿಂಗ ಆಕೆಯ ಎಡಗೈಯಲ್ಲಿ, ವಿಭೂತಿ ನನ್ನ ಬಲಗೈಯಲ್ಲಿ. ಆಯಿ ಹಟ ಹಿಡಿದು ತಯಾರು ಮಾಡಿದ ಆ ಕೈ ಪತ್ರಿ ಏರಿಸಿತು, ಹೂವು ಏರಿಸಿತು. ಒಂದು ಎಸಳೂ ಕೆಳಗೆ ಬೀಳಲಿಲ್ಲ. ಪೂಜೆ ಮುಗಿದ ಮೇಲೆ ಆಯಿ ಎಡಗೈಯಿಂದಲೇ ಹಾಲು ರೊಟ್ಟಿ ಉಂಡಳು. ನಾನು ಮೊದಲು ಬಲಗೈಯಲ್ಲಿ ಉಣ್ಣುತ್ತಿದ್ದ ಹಾಗೆ, ಅರ್ಧ ಮಡಿಲಿಗೆ ಚೆಲ್ಲುತ್ತ. ನಮಗೆ ಯಾರಿಗೂ ನಗು ಬರಲಿಲ್ಲ, ಆಯಿಗೆ ಬಂತು. ಅಂದಿನಿಂದ ದಿನಾ ಬೆಳಗ್ಗೆ ಆಕೆಯ ಒಂದು ಕೈ, ನನ್ನ ಒಂದು ಕೈ ಸೇರಿ ಪೂಜೆಯಾಗುತ್ತಿತ್ತು.

ಹೀಗೇ ಒಂದು ಬೆಳಗ್ಗೆ, ಪೂಜೆ ಮುಗಿಸಿ ಕರಡಿಗೆ ಕಟ್ಟಿದ ಮೇಲೆ, ಆಯಿ ನನ್ನ ಕಡೆ ಎಡಗೈ ಚಾಚಿ ಕೈ ಕೊಡು ಅಂದಳು. ನಾನು ಅಭ್ಯಾಸಬಲದಿಂದ ಬಲಗೈ ಚಾಚಿದೆ. ಆಯಿ ತಲೆ ಅಲ್ಲಾಡಿಸಿದಳು.

"ಅದು ನಾ ಮಾಡಿದ್ದು. ನಿಂದು ಕೊಡು."

ಕೊಟ್ಟೆ. ಆಕೆಯ ಅಂಗೈ ಒಣಗಿ ಬೆಚ್ಚಗಿತ್ತು, ವಿಭೂತಿಯ ಪುಡಿ ಇನ್ನೂ ಅಂಟಿತ್ತು. ಕುಲುಕಲು ಆಕೆಗೆ ಬರುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡಳು. ಸೀರೆಯ ಅಂಚು ಎಲ್ಲಿ ಹೋಯಿತೋ, ಆಮೇಲೆ ನಾನು ನೋಡಲಿಲ್ಲ. ಆ ಬೇಸಿಗೆ ಮುಗಿಯುವ ಮುಂಚೆ ಆಯಿ ಹೋದಳು.

ಆ ಮನೆಯೂ ಈಗಿಲ್ಲ. ಅಪ್ಪ ಅದನ್ನು ಮಾರಿ ಹೊಸ ಬಡಾವಣೆಗೆ ಹೋದ. ಕೊಂಡವರು ಕೆಡವಿ ಅಂಗಡಿಗಳನ್ನು ಕಟ್ಟಿದರು. ಆಯಿ ಮಣೆ ಹಾಕಿಕೊಂಡು ಕೂರುತ್ತಿದ್ದ ಮೂಲೆಯಲ್ಲಿ ಮೊಬೈಲು ರಿಪೇರಿ ಮಾಡುತ್ತಾರೆ. ಒಮ್ಮೆ ನನ್ನ ಫೋನು ಕೆಟ್ಟಿದೆಯೆಂದು ಸುಳ್ಳು ನೆಪ ಹೇಳಿ ಅಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆ. ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿದ್ದಾರೆ, ಚಪ್ಪಲಿ ಬಿಟ್ಟು ನಿಲ್ಲಬೇಕೆನಿಸಿತು, ನಿಲ್ಲಲಿಲ್ಲ. ನೀವೂ ಹೀಗೆ ಒಂದು ಹಳೆಯ ಜಾಗಕ್ಕೆ ಗಿರಾಕಿಯ ಹಾಗೆ ಹೋಗಿ ಬಂದಿದ್ದರೆ ನನ್ನ ಸಂಕಟ ನಿಮಗೆ ತಿಳಿದೀತು. ಅಲ್ಲಿ ಬೇಕಾದದ್ದು ಏನೂ ಸಿಗುವುದಿಲ್ಲ, ಬರಿಗೈಯಲ್ಲಿ ಬರಲೂ ಮನಸ್ಸಾಗುವುದಿಲ್ಲ. ನಾನು ಒಂದು ಇಯರ್‌ಫೋನ್ ಕೊಂಡುಕೊಂಡು ಬಂದೆ.

ಕಾಕಾ ಕೆಲಸದಿಂದ ನಿವೃತ್ತನಾದ ಮೇಲೂ ಐತವಾರ ಮೈದಾನಕ್ಕೆ ಹೋಗುವುದನ್ನು ಬಿಡಲಿಲ್ಲ. ಕೊನೆಯವರೆಗೂ ಸಹಾಯಕನಾಗಿಯೇ ಇದ್ದ. ಎಷ್ಟೋ ಜನ ಸರ್ ಬಂದರು, ವರ್ಗವಾಗಿ ಹೋದರು, ಹಗ್ಗ ನೆನೆಹಾಕುವವನು ಮಾತ್ರ ಅವನೇ. ಇಲ್ಲಿ ಬಸವಕಲ್ಯಾಣದಲ್ಲಿ ನಾನು ದಳಕ್ಕೆ ಸೇರಿದೆ ಎಂದು ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಮಾತಿನ ಬದಲು ಕಿವಿ ಗುಯ್‌ಗುಡುವಂತೆ ಒಂದು ಉದ್ದನೆಯ ಶೀಟಿ ಕೇಳಿಸಿತು. ನಾನು ಅಂಗಡಿಯಲ್ಲಿ ಗಿರಾಕಿಗಳ ನಡುವೆ ನಿಂತು ಕಣ್ಣೊರೆಸಿಕೊಂಡೆ. ನಮ್ಮ ದಳ ನೋಡಲು ಒಂದು ಶನಿವಾರ ಬರುತ್ತೇನೆ ಅಂದಿದ್ದ. ಬರುವುದು ಮುಂದಕ್ಕೆ ಹೋಗುತ್ತ ಹೋಗುತ್ತ, ಹೋದ ಚಳಿಗಾಲದಲ್ಲಿ ನಿದ್ದೆಯಲ್ಲೇ ತೀರಿಕೊಂಡ.

ಮಣ್ಣಿಗೆ ಅವನ ಹಳೆಯ ಹುಡುಗರು ಬಂದಿದ್ದರು. ಹುಡುಗರು ಅನ್ನುತ್ತೇನೆ, ಎಲ್ಲರ ತಲೆಯೂ ಬೆಳ್ಳಗಾಗಿತ್ತು. ಒಬ್ಬ ಲಾರಿ ಓಡಿಸುವವನು, ಒಬ್ಬ ಹೈಸ್ಕೂಲ್ ಮಾಸ್ತರ, ಒಬ್ಬ ದಾಲ್ ಮಿಲ್ಲಿನ ಯಜಮಾನ, ಒಬ್ಬ ಇನ್ನೂ ಹೊಲಕ್ಕೆ ಕೂಲಿಗೆ ಹೋಗುವವನು. ಕೆಲವರ ಕೊರಳಲ್ಲಿ ಬಣ್ಣ ಹೋದ ಸ್ಕಾರ್ಫ್ ಇತ್ತು, ಇಷ್ಟು ವರ್ಷ ಎಲ್ಲಿ ಇಟ್ಟಿದ್ದರೋ. ನಮ್ಮ ಪದ್ಧತಿಯಂತೆ ಕಾಕಾನನ್ನು ಕುಣಿಯಲ್ಲಿ ಕೂರಿಸಿದ್ದರು. ಅವರು ಒಬ್ಬೊಬ್ಬರಾಗಿ ಮುಂದೆ ಬಂದು ಮೂರು ಬೆರಳು ಹಣೆಗೆ ಮುಟ್ಟಿಸಿ, ಬಗ್ಗಿ, ಹಳೆಯ ಅಭ್ಯಾಸದಿಂದ ಎಡಗೈ ಚಾಚಿದರು. ಚಾಚಿದವರು ಹಾಗೇ ನಿಂತರು. ಅಯ್ಯನವರು ಆಗಲೇ ಕಾಕಾನ ಎಡ ಅಂಗೈಯಲ್ಲಿ ಲಿಂಗವನ್ನು ಇಟ್ಟು ಬೆರಳು ಮಡಚಿದ್ದರು. ಹಿಡಿಯಲು ಆ ಕೈ ಖಾಲಿ ಇರಲಿಲ್ಲ. ಕೊನೆಗೆ ನಾನೂ ಬಗ್ಗಿದೆ, ನನ್ನ ಕೈಯೂ ಚಾಚಿತ್ತು, ನಾನೂ ನಿಂತೆ. ಸತ್ತ ಮೇಲೆ ಹಿಡಕೋ ಅಂದಿದ್ದ ಆಯಿ ಆಗ ನೆನಪಾದಳು. ಸತ್ತ ಮೇಲೆ ಆ ಕೈ ಯಾರಿಗೂ ಸಿಗುವುದಿಲ್ಲ ಎಂದು ಆಕೆಗೆ ನಮಗಿಂತ ಮೊದಲೇ ತಿಳಿದಿರಬೇಕು. ಅದಕ್ಕೇ ಬದುಕಿರುವಾಗಲೇ ಇಬ್ಬರಿಗೂ ಕೊಟ್ಟು ಹೋದಳು.

ಹೋದ ಶನಿವಾರ ಗಂಟು ಕಲಿತು ಮುಗಿದ ಮೇಲೆ ಮಕ್ಕಳು ಸಾಲಾಗಿ ಬಂದು ನನ್ನ ಕೈ ಕುಲುಕಿದರು. ಹೊಸದಾಗಿ ಸೇರಿದ ಒಬ್ಬ ಪುಟ್ಟ ಹುಡುಗಿ ಎಡಗೈಯನ್ನು ಫ್ರಾಕಿಗೆ ಗಸಗಸ ಒರೆಸಿಕೊಂಡು ಆಮೇಲೆ ಚಾಚಲು ಬಂದಳು. ಒರಸಬ್ಯಾಡ, ಹಾಂಗೇ ಕೊಡು ಅಂದೆ. ಕೊಟ್ಟಳು. ಅದರಲ್ಲಿ ಒದ್ದೆ ಹಗ್ಗದ ವಾಸನೆ ಇತ್ತು, ನನ್ನದರಲ್ಲೂ ಇತ್ತು. ಮಕ್ಕಳೆಲ್ಲ ಹೋದ ಮೇಲೆ ಪುಂಡಿ ಹಗ್ಗವನ್ನು ಸುತ್ತಿ ಪೆಟ್ಟಿಗೆಗೆ ಹಾಕದೆ ಹೆಗಲಿಗೇ ಹಾಕಿಕೊಂಡೆ. ಮನೆಗೆ ಬಂದು ಬಕೀಟಿನಲ್ಲಿ ನೀರು ತುಂಬಿ ನೆನೆಹಾಕಿದೆ. ಅದು ಆಗಲೇ ನೆನೆದಿತ್ತು.